ಅರವತ್ತರಲ್ಲಿ ಒಂದು

ನಮ್ಮ ಶಾಲೆಯ ಅಡುಗೆಮನೆಯಲ್ಲಿ ಎರಡು ದೇಶಗಳಿವೆ. ಬಾಗಿಲಿನಿಂದ ಎಡಕ್ಕೆ ಕೆಂಪು, ಬಲಕ್ಕೆ ನೀಲಿ. ಕೆಂಪು ಮಾಂಸದ್ದು, ನೀಲಿ ಹಾಲಿನದು. ಯಹೂದಿ ಆಚಾರದಲ್ಲಿ ಮಾಂಸಕ್ಕೆ ಹಾಲು ಸೋಕಿದರೆ ಆ ಅಡುಗೆಯನ್ನು ತಿನ್ನುವಂತಿಲ್ಲ. ಪಾತ್ರೆ, ಸೌಟು, ತೊಳೆಯುವ ತೊಟ್ಟಿ, ಒರೆಸುವ ಬಟ್ಟೆ, ಕಡೆಗೆ ಸಾಬೂನಿನ ಡಬ್ಬಿ, ಎಲ್ಲಕ್ಕೂ ಬಣ್ಣದ ಪಟ್ಟಿ. ಇವೆರಡರ ನಡುವಿನ ಗಡಿಯನ್ನು ಇಪ್ಪತ್ತಾರು ವರ್ಷಗಳಿಂದ ಕಾಯುತ್ತಿರುವವರು ಯೆಟ್ಟಿ ಡ್ರುಕರ್. ಅಡುಗೆಯವರು ಎಂದರೆ ಅವರಿಗೆ ಸಾಲದು, ಯಜಮಾನಿ ಎಂದರೆ ಮುಖ್ಯೋಪಾಧ್ಯಾಯಿನಿಗೆ ಸರಿಬರದು. ಹಾಗಾಗಿ ಎಲ್ಲರೂ ಯೆಟ್ಟಿ ಎಂದೇ ಕರೆಯುತ್ತೇವೆ. ಮಕ್ಕಳು ಆಂಟಿ ಎನ್ನುತ್ತಾರೆ. ಅಜ್ಜಿ ಎಂದವರಿಗೆ ಆ ದಿನ ಎರಡನೇ ಸಲ ಬಡಿಸುವುದಿಲ್ಲ.

ನಾನು ಸೆಲ್ಮಾ ಪೊಲಾಕ್, ವಿಜ್ಞಾನದ ಟೀಚರ್. ಆ್ಯಮ್‌ಸ್ಟರ್‌ಡ್ಯಾಮಿನ ದಕ್ಷಿಣದ ತುದಿಯಲ್ಲಿ, ಕಾಲುವೆಗೆ ಬೆನ್ನು ಹಾಕಿ ನಿಂತಿರುವ ನಮ್ಮ ಯಹೂದಿ ಶಾಲೆಗೆ ಹದಿನಾಲ್ಕು ದೇಶಗಳ ಮಕ್ಕಳು ಬರುತ್ತಾರೆ. ಗೇಟಿಗೆ ಕಾವಲುಗಾರನಿದ್ದಾನೆ, ಹೀಬ್ರೂ ಪುಸ್ತಕಗಳ ಕೋಣೆಯಿದೆ, ಎರಡು ಪಿಯಾನೊಗಳಿವೆ. ಪ್ರಯೋಗಾಲಯವೊಂದಿಲ್ಲ. ಕಟ್ಟಡದ ನಕ್ಷೆಯಲ್ಲಿ ಇತ್ತಂತೆ. ಕಟ್ಟಿ ಮುಗಿಸುವಷ್ಟರಲ್ಲಿ ಅದು ಜೆರಾಕ್ಸ್ ಯಂತ್ರದ ಕೋಣೆಯಾಗಿತ್ತು. ಆದ್ದರಿಂದ ಪ್ರತಿ ಗುರುವಾರ ಬೆಳಗ್ಗೆ ಐದನೇ ತರಗತಿಯ ಹತ್ತು ಮಕ್ಕಳನ್ನು ಕರೆದುಕೊಂಡು ನಾನು ಅಡುಗೆಮನೆಗೆ ಹೋಗುತ್ತೇನೆ. ಅಲ್ಲಿ ನೀರು ಕುದಿಯುತ್ತದೆ, ಮಂಜುಗಡ್ಡೆ ಕರಗುತ್ತದೆ, ಉಪ್ಪು ಮಾಯವಾಗುತ್ತದೆ. ಹತ್ತು ವರ್ಷದವರಿಗೆ ಇದಕ್ಕಿಂತ ಹೆಚ್ಚಿನ ವಿಜ್ಞಾನ ಬೇಕಿಲ್ಲ.

ಈ ಗುರುವಾರಗಳು ನನಗೆ ದಕ್ಕಿದ್ದು ಶಾಲೆಯ ಧರ್ಮಗುರು ರಬ್ಬಿ ಎಲ್ಕಾನಾ ವೋಲ್ಫ್ ಅವರ ಕೃಪೆಯಿಂದ. ಅಡುಗೆಮನೆಯ ನಿಯಮಗಳ ಉಸ್ತುವಾರಿ ಅವರದು. ಅಲ್ಲಿ ಯಾರು ಕಾಲಿಡಬಹುದು, ಯಾರು ಇಡಬಾರದು ಎನ್ನುವುದು ಅವರ ಒಂದು ಮಾತಿನ ಮೇಲೆ ನಿಂತಿದೆ. ಹೋದ ಅಕ್ಟೋಬರಿನಲ್ಲಿ ಹಾಲಿಗೆ ವಿನೆಗರ್ ಹಾಕಿ ಅಂಟು ತಯಾರಿಸುವ ಪಾಠ ಮಾಡುವಾಗ ಕೆಂಪು ಕಟ್ಟೆಯ ಮೇಲೆ ಎರಡು ಹನಿ ಹಾಲು ಚೆಲ್ಲಿದೆ. ಯಾರೂ ನೋಡಲಿಲ್ಲ ಎಂದುಕೊಂಡು ತೋಳಿನಿಂದ ಒರೆಸಿಬಿಟ್ಟೆ. ಯೆಟ್ಟಿ ಹನಿಯನ್ನು ನೋಡಿರಲಿಲ್ಲ, ನಿಜ. ಆದರೆ ಒದ್ದೆಯಾದ ತೋಳನ್ನು ನೋಡಿದರು. ಅರ್ಧ ದಿನ ಕಟ್ಟೆಗೆ ಕುದಿನೀರು ಸುರಿದದ್ದಾಯಿತು. ರಬ್ಬಿ ನನ್ನನ್ನು ಪಕ್ಕಕ್ಕೆ ಕರೆದು ಬಹಳ ಮೆಲ್ಲಗೆ ಹೇಳಿದರು:

"ಇನ್ನೊಂದ್ ಸಲ ಹೀಗಾದ್ರೆ ಗುರುವಾರದ ಪಾಠ ಕ್ಲಾಸ್ ರೂಮಲ್ಲೇ ಮಾಡ್ಬೇಕಾಗುತ್ತೆ ಸೆಲ್ಮಾ. ಕುದಿಯೋ ನೀರಿನ ಚಿತ್ರ ಬಿಡಿಸಿ ತೋರ್ಸಿ. ಚಿತ್ರ ಯಾವತ್ತೂ ಚೆಲ್ಲಲ್ಲ."

ಅಂದಿನಿಂದ ನಾನು ಎಷ್ಟು ಎಚ್ಚರ ವಹಿಸಿದ್ದೆ ಎಂಬುದಕ್ಕೆ ನನ್ನ ಟಿಪ್ಪಣಿ ಪುಸ್ತಕವೇ ಸಾಕ್ಷಿ. ಫೆಬ್ರವರಿಯ ಆ ಗುರುವಾರ ಯಾವ ಚಮಚ ಬೇಗ ಬಿಸಿಯಾಗುತ್ತದೆ ಎಂಬ ಪಾಠವಿತ್ತು. ಮರದ್ದು, ಪ್ಲಾಸ್ಟಿಕ್ಕಿನದು, ಸ್ಟೀಲಿನದು, ಮೂರನ್ನೂ ಬಿಸಿನೀರಿನಲ್ಲಿ ನಿಲ್ಲಿಸುವುದು. ಹಿಡಿಯ ತುದಿಗೆ ಬೆಣ್ಣೆಯಿಂದ ಒಂದೊಂದು ಬಟಾಣಿ ಅಂಟಿಸುವುದು. ಯಾವ ಬಟಾಣಿ ಮೊದಲು ಜಾರುತ್ತದೋ ಆ ಚಮಚ ಗೆದ್ದಂತೆ. ಪುಸ್ತಕದಲ್ಲಿ ಬೆಣ್ಣೆ ಎಂದಿತ್ತು. ನಾನು ಅದನ್ನು ಹೊಡೆದುಹಾಕಿ, ಗಟ್ಟಿ ಕೊಬ್ಬರಿ ಎಣ್ಣೆ ಎಂದು ಬರೆದು, ಅಡಿಗೆರೆ ಎರಡು ಸಲ ಎಳೆದಿದ್ದೆ.

ಉದ್ದ ಹಿಡಿಯ ಸ್ಟೀಲ್ ಚಮಚ ಮಾತ್ರ ನನ್ನ ಡಬ್ಬಿಯಲ್ಲಿರಲಿಲ್ಲ. ಬರುವಾಗ ಟೀಚರ್ಸ್ ರೂಮಿನಿಂದ ಒಂದನ್ನು ತಂದೆ.

ಆ ಕೋಣೆಯಲ್ಲಿ ಇರುವುದೆಲ್ಲ ಹಾಲಿನದೇ. ಆ ಚಮಚದ ನೀಲಿ ಪಟ್ಟಿ ಸೋಮವಾರ ಡಿಶ್‌ವಾಷರಿನಲ್ಲಿ ಕಿತ್ತುಬಂದಿತ್ತು. ನಾನೇ ನೋಡಿದ್ದೆ. ಹೊಸದು ಅಂಟಿಸಬೇಕು ಅಂದುಕೊಂಡೆ. ಮಂಗಳವಾರ ಟೇಪು ಸಿಗಲಿಲ್ಲ. ಬುಧವಾರ ಟೇಪು ಸಿಕ್ಕಿತು, ಕತ್ತರಿ ಸಿಗಲಿಲ್ಲ.

ಅಂದು ಅಜ್ಜ-ಅಜ್ಜಿಯರ ದಿನ ಬೇರೆ. ಹನ್ನೆರಡು ಗಂಟೆಗೆ ನೂರಹತ್ತು ಮಂದಿ ಅಜ್ಜ-ಅಜ್ಜಿಯರು ಊಟಕ್ಕೆ ಬರುವವರಿದ್ದರು. ಯೆಟ್ಟಿ ಬೆಳಗ್ಗೆ ಆರಕ್ಕೇ ದೊಡ್ಡ ಕೊಳಗದಲ್ಲಿ ಕೋಳಿ ಸೂಪಿಗೆ ಇಟ್ಟಿದ್ದರು. ಪಾಠ ಮುಂದಕ್ಕೆ ಹಾಕಲೇ ಎಂದು ಹಿಂದಿನ ದಿನ ಕೇಳಿದ್ದೆ. "ಬನ್ನಿ, ಆದ್ರೆ ಒಂದ್ ಮೂಲೇಲಿರಿ. ಅಂಟು ಗಿಂಟು ಮಾಡ್ಬೇಡಿ," ಎಂದಿದ್ದರು.

ನಾವು ಮೂಲೆಯಲ್ಲೇ ಇದ್ದೆವು. ಬಣ್ಣವಿಲ್ಲದ ನಡುವಿನ ಮೇಜಿನ ಮೇಲೆ ಮೂರು ಚಮಚಗಳನ್ನು ಸಾಲಾಗಿ ಇಟ್ಟಿದ್ದೆ. ಕೆಟಲ್‌ನ ನೀರು ಇನ್ನೂ ಕಾಯುತ್ತಿತ್ತು. ಯೆಟ್ಟಿ ಮಾತ್ಸಾ ರೊಟ್ಟಿಯ ಪುಡಿಯನ್ನು ಕಲಸಿ ಸೂಪಿಗೆ ಹಾಕುವ ಉಂಡೆಗಳನ್ನು ಕಟ್ಟುತ್ತಿದ್ದರು. ಹಿಂತಿರುಗಿ ನೋಡದೆಯೇ ಕೂಗಿದರು:

"ಏಯ್, ಯಾರಾದ್ರೂ ಬಂದು ಇದನ್ನ ಒಂದ್ ಸ್ವಲ್ಪ ತಿರುವ್ರೋ. ನನ್ನ ಕೈಯೆಲ್ಲ ಹಿಟ್ಟು."

ಡೆಲ್ಫಿನಾ ಗ್ರಿನ್‌ಬರ್ಗ್ ಬ್ವೇನಸ್ ಐರಿಸ್‌ನಿಂದ ಬಂದು ಮೂರು ತಿಂಗಳಾಗಿತ್ತು. ಕಾಯುವುದು ಎಂಬ ಅಭ್ಯಾಸವನ್ನು ಅವಳು ಅಲ್ಲಿಂದ ತಂದಿರಲಿಲ್ಲ, ಇಲ್ಲಿಯೂ ಕಲಿತಿರಲಿಲ್ಲ. ಕೂಗಿದ್ದು ಕಿವಿಗೆ ಬೀಳುವ ಮೊದಲೇ ಎದ್ದಳು, ಕೈಗೆ ಸಿಕ್ಕ ಉದ್ದನೆಯ ಚಮಚ ಹಿಡಿದಳು, ಸ್ಟೂಲ್ ಹತ್ತಿ ಕೊಳಗದ ತಳ ಮುಟ್ಟುವ ಹಾಗೆ ತಿರುವತೊಡಗಿದಳು. ಒಳ್ಳೆಯ ಕೈ. ಒಂದು ತೊಟ್ಟೂ ಹೊರಗೆ ಬೀಳಲಿಲ್ಲ.

"ಆ ಚಮಚ ಟೀಚರ್ಸ್ ರೂಮಿಂದಲ್ವಾ?" ಎಂದಳು ಟಿರ್ಜಾ.

ಟಿರ್ಜಾ ದೆ ಹಾಸ್ ನಮ್ಮ ತರಗತಿಯ ಪಂಡಿತೆ. ವಯಸ್ಸು ಹತ್ತು. ಅನುಮಾನ ಎಂಬುದರ ಪರಿಚಯ ಅವಳಿಗೆ ಇನ್ನೂ ಆಗಿಲ್ಲ.

ಯೆಟ್ಟಿಯ ಕೈಯಲ್ಲಿದ್ದ ಉಂಡೆ ಅಲ್ಲೇ ನಿಂತಿತು. ಹತ್ತಿರ ಬಂದು ಚಮಚವನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದರು. "ಪಟ್ಟಿ ಎಲ್ಲಿ?"

"ಇರ್ಲಿಲ್ಲ ಆಂಟಿ," ಎಂದಳು ಡೆಲ್ಫಿನಾ. "ನಾನ್ ನೋಡ್ದೆ. ಕೆಂಪೂ ಇರ್ಲಿಲ್ಲ, ನೀಲೀನೂ ಇರ್ಲಿಲ್ಲ."

"ಪಟ್ಟಿ ಇಲ್ದಿದ್ರೆ ಕೇಳ್ಬೇಕು ಕಣೇ," ಎಂದಳು ಟಿರ್ಜಾ. "ನೂರಹತ್ತು ಅಜ್ಜ-ಅಜ್ಜೀರಿಗೆ ಒಂದೇ ಏಟಿಗೆ ಉಪವಾಸ ಮಾಡಿಸ್ಬಿಟ್ಟೆ ನೋಡು. ನಮ್ಮಜ್ಜ ಬೆಳಗ್ಗಿಂದ ಏನೂ ತಿಂದಿಲ್ಲ, ಈ ಸೂಪಿಗೋಸ್ಕರ."

"ನೀನೂ ಇಲ್ಲೇ ಕೂತಿದ್ಯಲ್ಲ? ಎದ್ದು ನೀನೇ ತಿರುವ್ಬೇಕಿತ್ತು."

"ನಾನ್ ಪ್ರಯೋಗದ ವಿಧಾನ ಓದ್ತಿದ್ದೆ."

"ಹೌದಾ? ಹಾಗಿದ್ರೆ ಅದನ್ನೇ ಬಡಿಸು ನಿಮ್ಮಜ್ಜಂಗೆ."

ಗಡಿಯಾರ ಹತ್ತು ನಲವತ್ತಾರು ತೋರಿಸುತ್ತಿತ್ತು. ಒಬ್ಬ ಹುಡುಗ ರಬ್ಬಿಯನ್ನು ಕರೆತರಲು ಓಡಿದ. ಅವರು ಬಂದಾಗ ಹತ್ತು ಐವತ್ತು. ನಡುವಿನ ನಾಲ್ಕು ನಿಮಿಷ ನಾನು ಒಂದು ಮಾತೂ ಆಡಲಿಲ್ಲ. ಮಾಹಿತಿ ಸಂಗ್ರಹಿಸುತ್ತಿದ್ದೆ ಎಂದು ಬೇಕಾದರೆ ಹೇಳಿಕೊಳ್ಳಬಹುದು. ನಿಜವಾಗಿ ನಾನು ನೋಡುತ್ತಿದ್ದದ್ದು ನನ್ನ ಗುರುವಾರಗಳನ್ನು. ಅವು ಒಂದರ ಹಿಂದೆ ಒಂದರಂತೆ ಬಾಗಿಲು ದಾಟಿ, ಕಾಲುವೆಯ ಕಡೆಗೆ ನಡೆದುಹೋಗುತ್ತಿದ್ದವು. ಡೆಲ್ಫಿನಾ ಸ್ಟೂಲಿನಿಂದ ಇಳಿದಿರಲಿಲ್ಲ. ಅಲ್ಲಿಂದಲೇ ಎಲ್ಲರನ್ನೂ ಎದುರಿಸುತ್ತಿದ್ದಳು. ಕಿವಿ ಮಾತ್ರ ಕೆಂಪಾಗಿತ್ತು.

ರಬ್ಬಿ ಎಲ್ಕಾನಾಗೆ ಮೂವತ್ತೊಂದು ವರ್ಷ. ಇದೇ ಶಾಲೆಯಲ್ಲಿ ಓದಿದವರು. ವಯಸ್ಸು ಹೆಚ್ಚು ಕಾಣಲಿ ಎಂದು ಗಡ್ಡ ಬಿಟ್ಟಿದ್ದಾರೆ. ಯೆಟ್ಟಿಯ ಮುಂದೆ ಅದು ನಡೆಯುವುದಿಲ್ಲ.

"ಬಾಪ್ಪ ಎಲ್ಕಾನಾ," ಎಂದರು ಯೆಟ್ಟಿ. "ಹಾಲಿನ ಚಮಚ ಸೂಪಲ್ಲಿ ಮುಳುಗಿದೆ. ಬೇಗ ನೋಡಿ ಹೇಳು, ನಂಗೆ ಉಂಡೆ ಹಾಕ್ಬೇಕು."

ರಬ್ಬಿ ಚಮಚ ನೋಡಿದರು. ಕೊಳಗದೊಳಗೆ ಒಮ್ಮೆ ಇಣುಕಿದರು. ಆಮೇಲೆ ಗಡ್ಡ ಸವರುತ್ತ ಕೇಳಿದರು: "ಈ ಚಮಚ ಬಿಸಿ ಹಾಲಲ್ಲಿ ಆಡಿದ್ದು ಯಾವಾಗ?"

"ಒಂದ್ ಇಡೀ ದಿನ ಕಳೆದಿದ್ರೆ ಲೋಹದಲ್ಲಿರೋ ಹಾಲಿನ ರುಚಿ ಹಳಸಿಹೋಗುತ್ತೆ," ಟಿರ್ಜಾ ಡೆಲ್ಫಿನಾಗೆ ವಿವರಿಸಿದಳು, ಯಾರೂ ಕೇಳದಿದ್ದರೂ. "ಆಗ ಸೂಪಿಗೆ ಏನೂ ಆಗಲ್ಲ. ನಿನ್ನೇದಾದ್ರೆ ನೀನ್ ಬಚಾವ್."

ನಿನ್ನೆ. ಒಂದೇ ಒಂದು ಪದ. ಟೀಚರ್ಸ್ ರೂಮಿನಲ್ಲಿ ಬೆಳಗ್ಗೆ ನಾನೊಬ್ಬಳೇ ಇದ್ದೆ. ಆ ಪದ ಹೇಳಿದರೆ ಸೂಪು ಉಳಿಯುತ್ತದೆ, ಪರೀಕ್ಷಿಸಲು ಯಾರ ಬಳಿಯೂ ಉಪಕರಣವಿಲ್ಲ. ಎಲ್ಲರೂ ಡೆಲ್ಫಿನಾಳನ್ನು ನೋಡುತ್ತಿದ್ದರು.

"ನಂಗೆ ಹೇಗ್ ಗೊತ್ತಾಗುತ್ತೆ?" ಎಂದಳು ಅವಳು. "ಮೇಜಿನ ಮೇಲಿತ್ತು, ತಗೊಂಡೆ. ಚಮಚದ ಜಾತಕ ನನ್ ಹತ್ರ ಇಲ್ಲ."

"ಇವತ್ತು ಬೆಳಗ್ಗೆ ಎಂಟು ಇಪ್ಪತ್ತಕ್ಕೆ," ಎಂದೆ ನಾನು. ನನ್ನ ಧ್ವನಿ ನನಗೇ ಸ್ವಲ್ಪ ಗಟ್ಟಿಯಾಗಿ ಕೇಳಿಸಿತು. "ಕಾಫಿಗೆ ಹಾಲು ಕಾಯ್ಸಿದೆ. ಇದರಲ್ಲೇ ತಿರುವಿದೆ. ಪಟ್ಟಿ ಸೋಮವಾರಾನೇ ಬಿದ್ದುಹೋಗಿತ್ತು, ನಂಗೆ ಗೊತ್ತಿತ್ತು. ಚಮಚ ತಂದಿದ್ದೂ ನಾನೇ, ಮೇಜಿನ ಮೇಲಿಟ್ಟಿದ್ದೂ ನಾನೇ. ಹುಡುಗಿ ತಪ್ಪೇನಿಲ್ಲ."

"ನೋಡ್ದ್ಯಾ?" ಎಂದಳು ಡೆಲ್ಫಿನಾ. ಅದು ಟಿರ್ಜಾಗೆ. ಆಮೇಲೆ ನನ್ನ ಕಡೆ ತಿರುಗಿ, "ನಾಲ್ಕು ನಿಮಿಷ ಆಯ್ತು ಟೀಚರ್," ಎಂದಳು.

ಗಡಿಯಾರ ನೋಡಿ ಸಮಯ ಬರೆದುಕೊಳ್ಳಬೇಕೆಂದು ಕಲಿಸಿದ್ದು ನಾನೇ.

"ಸರಿ," ಎಂದರು ರಬ್ಬಿ. "ಹಾಗಿದ್ರೆ ಅರವತ್ತರ ನಿಯಮ. ಚಮಚದ ಎಷ್ಟು ಭಾಗ ಮುಳುಗಿತ್ತೋ ಅದರ ಅರವತ್ತು ಪಾಲು ಸೂಪಿರ್ಬೇಕು. ಇದ್ರೆ ಹಾಲಿನ ರುಚಿ ಅದರಲ್ಲಿ ಕಳೆದುಹೋಯ್ತು ಅಂತ ಲೆಕ್ಕ. ಈಗ ಈ ಕೊಳಗ ನೋಡಿದ್ರೆ..."

"ಅಳೀತೀವಿ!" ಎಂದೆ.

"ಸೆಲ್ಮಾ, ನಾನ್ ಏನ್ ಹೇಳ್ತಿದ್ದೆ ಅಂದ್ರೆ..."

"ದಯವಿಟ್ಟು. ಅರ್ಧ ಗಂಟೆ ಕೊಡಿ. ಹದಿನೈದು ನಿಮಿಷ ಕೊಡಿ. ಮಕ್ಕಳೇ, ಅಳತೆ ಜಾಡಿ ತನ್ನಿ. ದಾರ ತನ್ನಿ. ಪೆನ್ಸಿಲ್!"

ರಬ್ಬಿ ಯೆಟ್ಟಿಯ ಮುಖ ನೋಡಿದರು. ಯೆಟ್ಟಿ ಚಾವಣಿ ನೋಡಿದರು. ರಬ್ಬಿ ಒಂದು ಸ್ಟೂಲ್ ಎಳೆದುಕೊಂಡು ಕುಳಿತರು.

ಈಗ ಯೋಚಿಸಿದರೆ, ಅಂಥ ಪಾಠ ನಾನು ಅದುವರೆಗೆ ಮಾಡಿರಲಿಲ್ಲ. ನೀರು ತುಂಬಿದ ಉದ್ದ ಜಾಡಿಗೆ ಚಮಚ ಇಳಿಸಬೇಕು, ನೀರು ಎಷ್ಟು ಮೇಲೆ ಬಂತು ನೋಡಬೇಕು, ಅಷ್ಟೇ ಚಮಚದ ಗಾತ್ರ. ಎಲ್ಲಿಯವರೆಗೆ ಇಳಿಸುವುದು? ಡೆಲ್ಫಿನಾ ಹಿಡಿಯ ಮೇಲೆ ಬೆರಳಿಟ್ಟು, "ಇಲ್ಲೀವರೆಗೆ ಮುಳುಗಿತ್ತು," ಎಂದಳು. "ನಿನ್ನ ಬೆರಳು ನಂಬಕ್ಕಾಗಲ್ಲ, ಪೂರ್ತಿ ಅಳೀಬೇಕು," ಎಂದಳು ಟಿರ್ಜಾ. ಪೂರ್ತಿಯೇ ಅಳೆದೆವು. ಮೊದಲ ಸಲ ಇಪ್ಪತ್ತೊಂದು ಮಿಲಿಲೀಟರ್. ಎರಡನೇ ಸಲ ಇಪ್ಪತ್ತೆರಡು. ಮೂರನೇ ಸಲ ಮತ್ತೆ ಇಪ್ಪತ್ತೊಂದು. ಸರಾಸರಿ ತೆಗೆಸಿದೆ: ಇಪ್ಪತ್ತೊಂದು ಪಾಯಿಂಟ್ ಮೂರು.

ಕೊಳಗದ ಸುತ್ತ ದಾರ ಸುತ್ತಿದೆವು. ಗೋಡೆಯ ದಪ್ಪ ಕಳೆದು ಅಡ್ಡಗಲ ಮೂವತ್ತಾರು ಸೆಂಟಿಮೀಟರ್. ಕೆಂಪು ಪಟ್ಟಿಯ ಮರದ ಸೌಟು ಇಳಿಸಿ ಆಳ ನೋಡಿದೆವು, ಇಪ್ಪತ್ತೆಂಟು. ಆಗ ನನಗೊಂದು ಸಂಶಯ ಹುಟ್ಟಿತು.

"ರಬ್ಬಿ, ಕೋಳಿ ಮೂಳೆ ಲೆಕ್ಕಕ್ಕೆ ಬರುತ್ತಾ? ಅಥವಾ ಬರೀ ದ್ರವ ಮಾತ್ರಾನಾ?"

"ಬರುತ್ತೆ."

"ಕ್ಯಾರೆಟ್?"

"ಬರುತ್ತೆ."

"ಈರುಳ್ಳಿ? ಅದು ಅರ್ಧ ಕರಗಿದೆ, ಅದಕ್ಕೆ ಕೇಳಿದೆ."

"ಸೆಲ್ಮಾ, ಕೊಳಗದಲ್ಲಿರೋದೆಲ್ಲ ಬರುತ್ತೆ."

"ಕ್ಯಾರೆಟ್ ವಿಷಯ ಮಾತ್ರ ಅವನನ್ನ ಕೇಳ್ಬೇಡಿ," ಎಂದರು ಯೆಟ್ಟಿ. "ಆರು ವರ್ಷ ನನ್ನ ಕ್ಯಾರೆಟ್ಟನ್ನೆಲ್ಲ ಜೇಬಲ್ಲಿ ಬಚ್ಚಿಟ್ಕೊಂಡ್ ಹೋಗಿ ಕಾಲುವೇಲಿ ಬಾತುಕೋಳಿಗೆ ಹಾಕಿದಾನೆ ಈ ರಬ್ಬಿ."

ಹತ್ತು ಮಕ್ಕಳೂ ರಬ್ಬಿಯನ್ನು ಹೊಸ ಗೌರವದಿಂದ ನೋಡಿದರು.

ಇಷ್ಟರಲ್ಲಿ ನನ್ನ ಬೆನ್ನ ಹಿಂದೆ ಗುಳುಂ ಎಂಬ ಸದ್ದಾಯಿತು. ಆಮೇಲೆ ಇನ್ನೊಂದು. ತಿರುಗಿ ನೋಡಿದರೆ ಯೆಟ್ಟಿ ಉಂಡೆಗಳನ್ನು ಒಂದೊಂದಾಗಿ ಸೂಪಿಗೆ ಬಿಡುತ್ತಿದ್ದಾರೆ.

"ಯೆಟ್ಟಿ, ಈಗ ಏನೂ ಹಾಕ್ಬೇಡಿ! ಮಟ್ಟ ಬದಲಾಗುತ್ತೆ! ಅದೂ ಅಲ್ದೆ, ಇನ್ನೂ ತೀರ್ಮಾನವೇ ಆಗಿಲ್ಲ!"

"ನಿಮ್ಮ ಅಳತೆ ನಿಮಗೆ, ನನ್ನ ಗಂಟೆ ನನಗೆ. ಹನ್ನೊಂದೂಕಾಲು ಆಯ್ತು ತಾಯಿ. ಉಂಡೆ ಬೇಯಕ್ಕೆ ಮುಕ್ಕಾಲು ಗಂಟೆ ಬೇಕು."

ಅವರ ಈ ನೆಮ್ಮದಿಯನ್ನು ಕಂಡಾಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಉಂಡೆ ಹಾಕುವ ಮೊದಲಿನ ಆಳವನ್ನೇ ಹಿಡಿಯೋಣ ಎಂದು ಮಕ್ಕಳಿಗೆ ಹೇಳಿ ಲೆಕ್ಕ ಮುಂದುವರಿಸಿದೆ. ಬಿಳಿ ಹಲಗೆಯಲ್ಲಿ ಜಾಗ ಸಾಲದೆ ಫ್ರಿಜ್ಜಿನ ಬಾಗಿಲಿಗೆ ಕಾಗದ ಅಂಟಿಸಿ ಬರೆದೆವು. ಸೂಪು ಇಪ್ಪತ್ತೆಂಟೂವರೆ ಲೀಟರ್. ಭಾಗಿಸುವ ಕೆಲಸ ಟಿರ್ಜಾಳದು, ತಾಳೆ ನೋಡುವ ಕೆಲಸ ಡೆಲ್ಫಿನಾಳದು. ಇಬ್ಬರ ತಲೆಯೂ ಒಂದೇ ಕಾಗದದ ಮೇಲೆ ಬಾಗಿತ್ತು. ಒಬ್ಬಳು ಹಾಕಿದ ಸೊನ್ನೆಯನ್ನು ಇನ್ನೊಬ್ಬಳು ಅಳಿಸುತ್ತಿದ್ದಳು.

"ಸಾವಿರದ ಮುನ್ನೂರ ಮೂವತ್ತೆಂಟು," ಎಂದಳು ಟಿರ್ಜಾ ಕೊನೆಗೆ.

"ಸರಿಯಿದೆ," ಎಂದಳು ಡೆಲ್ಫಿನಾ.

ಬೇಕಾದದ್ದು ಅರವತ್ತು. ನಾನು ಆ ಸಂಖ್ಯೆಯನ್ನು ಒಂದು ಸಲ ನೋಡಿದೆ, ಇನ್ನೊಂದು ಸಲ ನೋಡಿದೆ. ಆ ಚಮಚವನ್ನು ನುಂಗಿಕೊಳ್ಳಲು ಒಂದು ಲೀಟರಿನ ಮೇಲೆ ಮುನ್ನೂರು ಮಿಲಿಲೀಟರಿನಷ್ಟು ಸೂಪಿದ್ದರೆ ಸಾಕಿತ್ತು. ಒಂದು ಕೆಟಲ್ ತುಂಬಾ. ನನ್ನ ಎದುರಿಗಿದ್ದದ್ದು ಮಗುವನ್ನು ಕೂರಿಸಿ ಸ್ನಾನ ಮಾಡಿಸುವಷ್ಟು ದೊಡ್ಡ ಕೊಳಗ.

"ಟೀಚರ್," ಎಂದಳು ಡೆಲ್ಫಿನಾ. ಅವಳ ಮುಖದಲ್ಲಿ ನಿಜವಾದ ಕುತೂಹಲವಿತ್ತು, ಅದೇ ನನಗೆ ಹೆಚ್ಚು ಚುಚ್ಚಿತು. "ಚಮಚ ಇಷ್ಟು. ಕೊಳಗ ಇಷ್ಟು." ಎರಡು ಬೆರಳು ತೋರಿಸಿದಳು, ಆಮೇಲೆ ಎರಡೂ ತೋಳು ಚಾಚಿದಳು. "ನೋಡಿದ್ರೇ ಗೊತ್ತಾಗಲ್ವಾ? ನಮ್ಮ ಕ್ಲಾಸ್ ಗೋಡೆ ಮೇಲೆ ನೀವೇ ಬರ್ದಿದೀರಲ್ಲ, ಅಳೆಯೋ ಮೊದಲು ಅಂದಾಜು ಮಾಡಿ ಅಂತ?"

ಬರೆದಿದ್ದೆ. ಹಸಿರು ಅಕ್ಷರದಲ್ಲಿ.

ನಾನು ರಬ್ಬಿಯ ಕಡೆ ತಿರುಗಿದೆ. "ನಿಮಗೆ ಗೊತ್ತಿತ್ತಾ?"

"ಇಣುಕಿದ ತಕ್ಷಣ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಎರಡು ಸಲ ಬಾಯಿ ತೆಗೆದೆ. ನೀವು ದಾರ ತನ್ನಿ ಅಂದ್ರಿ. ಅಳೆಯೋಕೆ ಹೊರಟೋರನ್ನ ತಡೀಬಾರದು ಅಂತ ಸುಮ್ಮನಾದೆ. ನಿಜ ಹೇಳ್ಬೇಕಂದ್ರೆ, ಇಪ್ಪತ್ತೊಂದು ಪಾಯಿಂಟ್ ಮೂರು ಅಂತ ಯಾವ ರಬ್ಬಿಗೂ ಇವತ್ತಿನವರೆಗೆ ಯಾರೂ ಹೇಳಿರಲಿಕ್ಕಿಲ್ಲ."

"ಯೆಟ್ಟಿ, ನಿಮಗೂ?"

"ನಾನು ಗೊತ್ತಿಲ್ದೇನೇ ಎಂಬತ್ತು ಉಂಡೆ ಹಾಕ್ತೀನಾ?" ಎಂದರು ಯೆಟ್ಟಿ.

ಸೂಪು ಉಳಿಯಿತು. ನನ್ನ ಗುರುವಾರಗಳು ಉಳಿದಿದ್ದವೋ ಇಲ್ಲವೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಅಡುಗೆಮನೆಯಲ್ಲಿ ಒಂದು ದಪ್ಪ ಪುಸ್ತಕವಿದೆ. ಇಂಥ ಎಡವಟ್ಟುಗಳನ್ನೆಲ್ಲ ರಬ್ಬಿ ಅದರಲ್ಲಿ ಬರೆದಿಡುತ್ತಾರೆ. ಅವರು ಕೇಳುವ ಮೊದಲೇ ಅದನ್ನು ಕಪಾಟಿನಿಂದ ತೆಗೆದು ಅವರ ಮುಂದೆ ಇಟ್ಟೆ. ಅಕ್ಟೋಬರಿನ ಪುಟ ತಾನಾಗಿಯೇ ತೆರೆದುಕೊಂಡಿತು.

"ಬರ್ಕೊಳ್ಳಿ," ಎಂದೆ. "ಇನ್ನೊಂದ್ ಸಲ ಆದ್ರೆ ಅಂತ ಹೇಳಿದ್ರಿ. ಆಯ್ತು."

"ನನ್ನ ಹೆಸರೂ ಬರಿ," ಎಂದರು ಯೆಟ್ಟಿ. "ಮಗೂನ ಕರೆದು ತಿರುವು ಅಂದಿದ್ದು ನಾನು. ಯಾವ ಚಮಚ ಅಂತ ತಿರುಗಿ ನೋಡ್ಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಮೊದಲ್ನೇ ಸಲ. ಅದನ್ನೂ ಸೇರಿಸು, ಮೊದಲ್ನೇ ಸಲ ಅನ್ನೋದನ್ನ."

ರಬ್ಬಿ ಪೆನ್ನಿನ ಮುಚ್ಚಳ ತೆಗೆದರು. ಏನೂ ಬರೆಯದೆ ಅಕ್ಟೋಬರಿನ ಪುಟವನ್ನು ಸ್ವಲ್ಪ ಹೊತ್ತು ಓದಿದರು. ಮಕ್ಕಳು ಬಟಾಣಿಗಳನ್ನು ಬಿಟ್ಟು ಅವರ ಪೆನ್ನನ್ನೇ ನೋಡುತ್ತಿದ್ದರು. ನಾನು ಇಲ್ಲದ ಹಾಲನ್ನು ತೋಳಿನಿಂದ ಒರೆಸುತ್ತಿದ್ದೆ ಎಂದು ಯೆಟ್ಟಿ ಆಮೇಲೆ ಹೇಳಿದರು.

"ಅಕ್ಟೋಬರಲ್ಲಿ ಎರಡು ಹನಿ," ಎಂದರು ರಬ್ಬಿ. "ಆವತ್ತು ನೀವು ಒರೆಸಿದ್ರಿ. ಇವತ್ತು ಎಂಟು ಇಪ್ಪತ್ತು ಅಂದ್ರಿ. ನಿನ್ನೆ ಅಂದಿದ್ರೆ ನಾನು ನಂಬ್ತಿದ್ದೆ, ಇಷ್ಟ್ ಹೊತ್ತಿಗೆ ಆಫೀಸಲ್ಲಿ ಕೂತು ಕಾಫಿ ಕುಡೀತಿದ್ದೆ." ಪೆನ್ನು ಕಾಗದಕ್ಕೆ ತಾಗಿತು. "ಅಂಥೋರ ಕೈಲಿ ಗುರುವಾರ ಇರಬಹುದು. ಕಾಫಿ ಇರೋದು ಅಪಾಯ."

ಬರೆದದ್ದನ್ನು ಗಟ್ಟಿಯಾಗಿ ಓದಿದರು. ಗುರುವಾರದ ಪಾಠ ಅಡುಗೆಮನೆಯಲ್ಲೇ ನಡೆಯುತ್ತದೆ. ಚಮಚಗಳು ಯೆಟ್ಟಿಯ ಕೈಯಿಂದಲೇ ಬರಬೇಕು. ಸೆಲ್ಮಾ ಪೊಲಾಕ್ ಗುರುವಾರಗಳಂದು ಪಾಠ ಮುಗಿಯುವವರೆಗೆ ಕಾಫಿಗೆ ಹಾಲು ಹಾಕಿಕೊಳ್ಳುವಂತಿಲ್ಲ. ಇದನ್ನು ನೋಡಿಕೊಳ್ಳುವ ಹೊಣೆ ಡೆಲ್ಫಿನಾ ಗ್ರಿನ್‌ಬರ್ಗ್‌ಳದು.

"ನಾನು?" ಎಂದಳು ಡೆಲ್ಫಿನಾ.

"ಅವಳ್ಯಾಕೆ?" ಎಂದಳು ಟಿರ್ಜಾ.

"ಪಟ್ಟಿ ಇರ್ಲಿಲ್ಲ ಅಂತ ನಿಮ್ಮಲ್ಲಿ ನೋಡಿದ್ದು ಅವಳೊಬ್ಬಳೇ ಅಂತೆ," ಎಂದರು ರಬ್ಬಿ.

ಹನ್ನೆರಡಕ್ಕೆ ಅಜ್ಜ-ಅಜ್ಜಿಯರು ಬಂದರು. ಅರ್ಧ ಜನ ಸೈಕಲ್ಲಿನಲ್ಲಿ, ಗಾಳಿಗೆ ಕೂದಲು ಕೆದರಿಕೊಂಡು. ಮೊಮ್ಮಕ್ಕಳ ಚಿತ್ರಗಳನ್ನು ಹೊಗಳಿದರು, ಕುರ್ಚಿಗಳನ್ನು ಬೈದರು, ಸೂಪಿಗೆ ಕಾದರು. ಟಿರ್ಜಾಳ ಅಜ್ಜ ಎರಡು ಬಟ್ಟಲು ಮುಗಿಸಿ ಮೂರನೆಯದಕ್ಕೆ ಕೈ ಚಾಚುತ್ತ ಹೇಳಿದರು:

"ಯೆಟ್ಟಿ, ಇವತ್ತು ಇದರಲ್ಲಿ ಏನೋ ಒಂದು ರುಚಿ ಜಾಸ್ತಿಯಿದೆ. ಏನ್ ಹಾಕಿದೀಯಮ್ಮ?"

ಟಿರ್ಜಾ ಬಾಯಿ ತೆರೆದಳು. ಡೆಲ್ಫಿನಾ ಅವಳ ಕಾಲು ತುಳಿದಳು. ಟಿರ್ಜಾ ಬಾಯಿ ಮುಚ್ಚಿದಳು.

"ಸಾವಿರದ ಮುನ್ನೂರ ಮೂವತ್ತೆಂಟರಲ್ಲಿ ಒಂದು ಪಾಲು ವಿಜ್ಞಾನ," ಎಂದರು ಯೆಟ್ಟಿ.

ಆ ಚಮಚವನ್ನು ಒಂದು ದಿನ ಬಿಟ್ಟು, ಕುದಿನೀರಿನಲ್ಲಿ ಅದ್ದಿ ಶುದ್ಧ ಮಾಡಿ, ಯೆಟ್ಟಿ ಅದಕ್ಕೆ ಕೆಂಪು ಪಟ್ಟಿ ಮೂರು ಸುತ್ತು ಸುತ್ತಿದ್ದಾರೆ. ಈಗ ಅದು ಎಡಗಡೆಯ ದೇಶದ ಪ್ರಜೆ. ಟೀಚರ್ಸ್ ರೂಮಿಗೆ ಹೊಸ ಚಮಚ ಬಂದಿದೆ, ನೀಲಿ ಹಿಡಿಯದು. ನಾನು ಅದರ ಹತ್ತಿರ ಹೋಗುವುದಿಲ್ಲ.

ಮುಂದಿನ ಗುರುವಾರ ಎಂಟು ಇಪ್ಪತ್ತಕ್ಕೆ ಸರಿಯಾಗಿ ಟೀಚರ್ಸ್ ರೂಮಿನ ಬಾಗಿಲು ತಟ್ಟಿದ ಸದ್ದಾಯಿತು. ಹೊರಗೆ ಡೆಲ್ಫಿನಾ, ಹಿಂದೆ ಒಂದು ಹೆಜ್ಜೆ ದೂರದಲ್ಲಿ ಟಿರ್ಜಾ, ಕೈಯಲ್ಲಿ ನೋಟುಪುಸ್ತಕ.

"ಕಪ್ ತೋರ್ಸಿ ಟೀಚರ್."

ತೋರಿಸಿದೆ. ಡೆಲ್ಫಿನಾ ಒಳಗೆ ನೋಡಿದಳು, ಬಗ್ಗಿ ಮೂಸಿದಳು.

"ಕಪ್ಪಗಿದೆ," ಎಂದಳು. ಟಿರ್ಜಾ ಬರೆದುಕೊಂಡಳು.

"ಮೂಗು ಅಳತೆಯ ಸಾಧನ ಅಲ್ಲ ಡೆಲ್ಫಿನಾ," ಎಂದೆ. ಹಾಲಿಲ್ಲದ ಕಾಫಿ ಮನುಷ್ಯರನ್ನು ಸ್ವಲ್ಪ ಕಹಿ ಮಾಡುತ್ತದೆ.

"ಮೊದಲು ಅಂದಾಜು ಟೀಚರ್," ಎಂದಳು ಅವಳು. "ಸಂಶಯ ಬಂದ್ರೆ ದಾರ ತರ್ತೀವಿ."